ಒಂದು ಯೂನಿಟ್ಟಿನ ಜಾತಕ

ನಮ್ಮಲ್ಲಿ ಸಿಗುವ ಸಾಧಾರಣ ಇನ್ಸುಲಿನ್ ಬಾಟಲಿಯ ಮೇಲೆ ಸಣ್ಣ ಅಕ್ಷರದಲ್ಲಿ 40 ಐ.ಯು./ಎಂ.ಎಲ್. ಅಂತ ಬರೆದಿರುತ್ತದೆ. ಪೆನ್ನಿಗೆ ಹಾಕುವ ಕಾರ್ಟ್ರಿಡ್ಜ್ ಮೇಲೆ 100 ಐ.ಯು./ಎಂ.ಎಲ್. ಅಂತ ಇರುತ್ತದೆ. ಔಷಧ ಒಂದೇ, ಹೆಸರೂ ಹೆಚ್ಚುಕಮ್ಮಿ ಒಂದೇ, ಎಷ್ಟೋ ಸಲ ಕಂಪನಿಯೂ ಒಂದೇ. ಹಾಗಾದರೆ ಈ ಎರಡು ಅಂಕಿ ಎಲ್ಲಿಂದ ಬಂದವು? ಹೆಚ್ಚಿನ ಮಾತ್ರೆಗಳಿಗೆ ಮಿಲಿಗ್ರಾಂ ಇರುವಾಗ ಇನ್ಸುಲಿನ್ನಿಗೆ ಈ 'ಯೂನಿಟ್' ಯಾಕೆ?

ಫಾರ್ಮಸಿ ಓದುವ ಹುಡುಗರು ಇದನ್ನು ಪರೀಕ್ಷೆಗೆ ಬಾಯಿಪಾಠ ಮಾಡುತ್ತಾರೆ. ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ಅದು ಅವರ ತಪ್ಪಲ್ಲ ಬಿಡಿ, ಕಥೆಯಿಲ್ಲದ ಅಂಕಿ ಯಾರ ತಲೆಯಲ್ಲೂ ನಿಲ್ಲುವುದಿಲ್ಲ. ಆದರೆ ಈ ಅಂಕಿಗಳಿಗೆ ಒಂದು ಕಥೆ ಇದೆ, ನೂರು ವರ್ಷ ದಾಟಿದ ಕಥೆ. ಅದನ್ನು ಒಮ್ಮೆ ಕೇಳಿದವರು ಕೌಂಟರಿನಲ್ಲಿ ಕೈಗೆ ಸಿಕ್ಕ ಸಿರಿಂಜನ್ನು ಸುಮ್ಮನೆ ಎತ್ತಿ ಕೊಡಲಾರರು ಅಂತ ನನ್ನ ನಂಬಿಕೆ. ಅದಕ್ಕೇ ಈ ಬರಹ.

ಅಳತೆಯಿಲ್ಲದ ಔಷಧ

1889ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಮಿಂಕೋವ್ಸ್ಕಿ ಮತ್ತು ಫಾನ್ ಮೆರಿಂಗ್ ಎಂಬಿಬ್ಬರು ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದುಹಾಕಿದಾಗ ಅದಕ್ಕೆ ಸಕ್ಕರೆ ಕಾಯಿಲೆ ಬಂತು. ಆ ಗ್ರಂಥಿಯಲ್ಲಿ ಏನೋ ಇದೆ ಅಂತ ಅಂದಿನಿಂದ ಗೊತ್ತು. ಆದರೆ ಅದನ್ನು ಹೊರತೆಗೆಯುವುದು ಹೇಗೆ ಅಂತ ಮುಂದೆ ಮೂವತ್ತು ವರ್ಷ ಯಾರಿಗೂ ಸರಿಯಾಗಿ ಬಗೆಹರಿಯಲಿಲ್ಲ. 1921ರ ಬೇಸಿಗೆಯಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ, ಪ್ರೊಫೆಸರ್ ಮಕ್ಲೌಡ್ ಅವರ ಪ್ರಯೋಗಾಲಯದಲ್ಲಿ, ಫ್ರೆಡರಿಕ್ ಬ್ಯಾಂಟಿಂಗ್ ಎಂಬ ಯುವ ಸರ್ಜನ್ ಮತ್ತು ಚಾರ್ಲ್ಸ್ ಬೆಸ್ಟ್ ಎಂಬ ವಿದ್ಯಾರ್ಥಿ ಈ ಕೆಲಸ ಶುರು ಮಾಡಿದರು. ವರ್ಷದ ಕೊನೆಗೆ ಜೇಮ್ಸ್ ಕಾಲಿಪ್ ಎಂಬ ಜೀವರಸಾಯನ ತಜ್ಞರು ಜೊತೆಯಾದರು. ಬ್ಯಾಂಟಿಂಗ್ ಮತ್ತು ಬೆಸ್ಟ್ ಹೆಸರು ಎಲ್ಲರಿಗೂ ಗೊತ್ತು. ನಮ್ಮ ಕಥೆಗೆ ಮುಖ್ಯವಾದವರು ಮಾತ್ರ ಕಾಲಿಪ್.

1922ರ ಜನವರಿ 11ರಂದು ಟೊರಾಂಟೊ ಜನರಲ್ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಇಂಜೆಕ್ಷನ್ ಕೊಟ್ಟರು. ಎಷ್ಟು ಅಂತೀರಿ? 15 ಎಂ.ಎಲ್. ಒಂದೊಂದು ಪೃಷ್ಠಕ್ಕೆ ಏಳೂವರೆ! ಇವತ್ತು ನಾವು ಹೊಟ್ಟೆಯ ಚರ್ಮದ ಕೆಳಗೆ ಅರ್ಧ ಎಂ.ಎಲ್. ಕೊಡುವುದನ್ನೇ ಜಾಸ್ತಿ ಅನ್ನುತ್ತೇವೆ. ಆ ಮಸುಕು ಬಣ್ಣದ ದ್ರವದಲ್ಲಿ ಔಷಧಕ್ಕಿಂತ ಕಲ್ಮಶವೇ ಹೆಚ್ಚಿತ್ತು. ಸಕ್ಕರೆ ಸ್ವಲ್ಪ ಇಳಿಯಿತು, ಚುಚ್ಚಿದ ಜಾಗ ಊದಿಕೊಂಡು ಬಾವಾಯಿತು. ಅಲ್ಲಿಗೆ ನಿಲ್ಲಿಸಿದರು. ಕಾಲಿಪ್ ಹಗಲು ರಾತ್ರಿ ಕೂತು ಆ ಸಾರವನ್ನು ಶುದ್ಧ ಮಾಡಿದರು. ಜನವರಿ 23ರಂದು ಅದನ್ನು ಕೊಟ್ಟಾಗ ಹುಡುಗನ ರಕ್ತದ ಸಕ್ಕರೆ 520ರಿಂದ 120ಕ್ಕೆ ಇಳಿಯಿತು. ಸಾಯಲು ಮಲಗಿದ್ದವನು ಎದ್ದು ಕೂತ. ಮುಂದೆ 1935ರಲ್ಲಿ ನ್ಯುಮೋನಿಯಾದಿಂದ ತೀರಿಕೊಳ್ಳುವವರೆಗೆ 13 ವರ್ಷ ಬದುಕಿದ.

ಔಷಧ ಸಿಕ್ಕಿತು ನಿಜ. ಅಳತೆ ಸಿಗಲಿಲ್ಲ. ಕಸಾಯಿಖಾನೆಯಿಂದ ತಂದ ದನದ, ಹಂದಿಯ ಗ್ರಂಥಿಗಳಿಂದ ತೆಗೆದ ಈ ಸಾರ ಒಂದು ಬ್ಯಾಚಿನಲ್ಲಿ ಬಲವಾಗಿರುತ್ತಿತ್ತು, ಇನ್ನೊಂದರಲ್ಲಿ ನೀರಿನ ಹಾಗಿರುತ್ತಿತ್ತು. ಒಂದು ಕೆ.ಜಿ. ಬ್ಯಾಡಗಿ ಮೆಣಸಿನಕಾಯಿ, ಒಂದು ಕೆ.ಜಿ. ಗುಂಟೂರು ಮೆಣಸಿನಕಾಯಿ ತಕ್ಕಡಿಯಲ್ಲಿ ಒಂದೇ. ನಾಲಿಗೆಯ ಮೇಲೆ ಒಂದೇ ಅಲ್ಲವಲ್ಲ? ಹಾಗೆಯೇ ಇದು. ತೂಕ ಹೇಳಿ ಪ್ರಯೋಜನವಿಲ್ಲ, ಖಾರ ಎಷ್ಟು ಅಂತ ಹೇಳಬೇಕು.

ಖಾರ ನೋಡಿದ ಮೊಲ

ಆ ಖಾರ ನೋಡಲು ಕಾಲಿಪ್‌ಗೆ ಒದಗಿದ್ದು ಮೊಲ. ಅದಕ್ಕಾಗಿ ಸಕ್ಕರೆ ಕಾಯಿಲೆಯ ನಾಯಿ ಬೇಕಿಲ್ಲ, ಆರೋಗ್ಯವಾಗಿರುವ ಮೊಲದಲ್ಲೂ ಇನ್ಸುಲಿನ್ ಸಕ್ಕರೆ ಇಳಿಸುತ್ತದೆ ಅಂತ ಅವರು ಕಂಡುಕೊಂಡಿದ್ದರು. ಜಾಸ್ತಿ ಕೊಟ್ಟಾಗ ಮೊಲ ಸೆಳೆತ ಬಂದು ಬಿದ್ದು ಒದ್ದಾಡುತ್ತಿತ್ತು. ಗ್ಲುಕೋಸ್ ಚುಚ್ಚಿದರೆ ಚೇತರಿಸಿಕೊಂಡು ಎದ್ದು ಓಡುತ್ತಿತ್ತು.

ಟೊರಾಂಟೊದವರು ಇದನ್ನೇ ಅಳತೆಗೋಲು ಮಾಡಿಕೊಂಡರು. 24 ಗಂಟೆ ಉಪವಾಸ ಇರುವ 2 ಕೆ.ಜಿ. ತೂಕದ ಮೊಲ. ಅದರ ರಕ್ತದ ಸಕ್ಕರೆಯನ್ನು ಕೆಲವು ಗಂಟೆಗಳಲ್ಲಿ ಸೆಳೆತ ಬರುವ ಮಟ್ಟಕ್ಕೆ, ಅಂದರೆ 100 ಎಂ.ಎಲ್. ರಕ್ತಕ್ಕೆ 45 ಮಿಲಿಗ್ರಾಂಗೆ, ಇಳಿಸಲು ಎಷ್ಟು ಇನ್ಸುಲಿನ್ ಬೇಕೋ ಅದು ಒಂದು ಯೂನಿಟ್. ರೋಗಿಗಳ ಮಟ್ಟಿಗೆ ಈ ಅಳತೆ ತುಂಬ ದೊಡ್ಡದಾಯಿತು. ಆಮೇಲೆ ಅದನ್ನು ಮೂರು ಭಾಗ ಮಾಡಿ, ಮೂರನೇ ಒಂದು ಭಾಗವನ್ನು ಕ್ಲಿನಿಕಲ್ ಯೂನಿಟ್ ಅಂದರು. ನಾವು ಇವತ್ತು ಬಳಸುವ ಯೂನಿಟ್ಟಿನ ಮೂಲ ಅದೇ.

ಇಲ್ಲಿ ಒಂದು ನಿಮಿಷ ನಿಲ್ಲಿ. ಇವತ್ತು 70ಕ್ಕಿಂತ ಕೆಳಗಿಳಿದರೆ ಲೋ ಶುಗರ್ ಅನ್ನುತ್ತೇವೆ, 54ಕ್ಕಿಂತ ಕೆಳಗೆ ಹೋದರೆ ಗಂಭೀರ ಅನ್ನುತ್ತೇವೆ. ಯೂನಿಟ್ ಹುಟ್ಟಿದ್ದು 45ರಲ್ಲಿ. ಅಂದರೆ ಇನ್ಸುಲಿನ್ನಿನ ಅಳತೆ ಹುಟ್ಟಿದ್ದೇ ಅದರ ಅಪಾಯದಿಂದ. ಎಷ್ಟು ಕೊಟ್ಟರೆ ಪ್ರಾಣಿ ಬೀಳುತ್ತದೆ ಅಂತ ನೋಡಿ ಅದರಿಂದ ಲೆಕ್ಕ ಕಟ್ಟಿದ ಔಷಧ ಇದು. ಚೀಟಿಯಲ್ಲಿ '20 ಯೂನಿಟ್' ಅಂತ ಓದುವಾಗಲೆಲ್ಲ ಆ ಮೊಲ ನೆನಪಿಗೆ ಬಂದರೆ ಒಳ್ಳೆಯದು.

ಒಂದೊಂದು ಸಂತೆಗೆ ಒಂದೊಂದು ಸೇರು

1922ರಲ್ಲೇ ಅಮೆರಿಕದ ಇಲೈ ಲಿಲ್ಲಿ ಕಂಪನಿ ಟೊರಾಂಟೊದ ಜೊತೆ ಸೇರಿ ದೊಡ್ಡ ಪ್ರಮಾಣದಲ್ಲಿ ತಯಾರಿಕೆಗೆ ಇಳಿಯಿತು. ಡೆನ್ಮಾರ್ಕಿನ ಆಗಸ್ಟ್ ಕ್ರೋಗ್ ಟೊರಾಂಟೊಗೆ ಹೋಗಿ ಬಂದು ತಮ್ಮ ದೇಶದಲ್ಲಿ ಶುರು ಮಾಡಿಸಿದರು. ಅವರ ಹೆಂಡತಿ ಮಾರಿಗೇ ಸಕ್ಕರೆ ಕಾಯಿಲೆ ಇತ್ತು. ಬ್ರಿಟನ್ನಿನಲ್ಲೂ ಕೆಲಸ ಶುರುವಾಯಿತು. 1923ರಲ್ಲಿ ಸಂಶೋಧಕರು ಪೇಟೆಂಟನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟರು. ಅದೇ ವರ್ಷ ಬ್ಯಾಂಟಿಂಗ್ ಮತ್ತು ಮಕ್ಲೌಡ್‌ಗೆ ನೊಬೆಲ್ ಬಂತು. ಇದೆಲ್ಲ ನಿಮಗೆ ಗೊತ್ತಿರುವುದೇ.

ಹೆಚ್ಚು ಜನ ಹೇಳದ ಸಂಗತಿ ಬೇರೆ ಇದೆ. ದೇಶಕ್ಕೊಂದು ಕಾರ್ಖಾನೆಯಾದ ಮೇಲೆ ಮೊಲಗಳೂ ಬೇರೆ ಬೇರೆಯಾದವು. ಮೊಲದ ತಳಿ, ಅದು ತಿಂದ ಮೇವು ಎಲ್ಲವೂ ಫಲಿತಾಂಶ ಬದಲಿಸುತ್ತಿದ್ದವು. ಹಿಂದೆ ನಮ್ಮಲ್ಲಿ ಒಂದೊಂದು ಸಂತೆಗೆ ಒಂದೊಂದು ಸೇರು ಇತ್ತಲ್ಲ, ಹಾಗೆ. ಇದನ್ನು ಸರಿಮಾಡಲು ಓಡಾಡಿದವರಲ್ಲಿ ಪ್ರಮುಖರು ಲಂಡನ್ನಿನ ಹೆನ್ರಿ ಡೇಲ್. ಅವರು ಹೇಳಿದ್ದು ಇಷ್ಟು: ಮೊಲವನ್ನು ನಂಬಬೇಡಿ, ಒಂದು ಪುಡಿಯನ್ನು ನಂಬಿ. ಒಣಗಿಸಿದ ಇನ್ಸುಲಿನ್ ಪುಡಿಯನ್ನು ಒಂದು ಕಡೆ ಜೋಪಾನವಾಗಿಟ್ಟು, ಜಗತ್ತಿನ ಎಲ್ಲರೂ ತಮ್ಮ ಇನ್ಸುಲಿನ್ನನ್ನು ಅದರ ಪಕ್ಕ ಇಟ್ಟು ಹೋಲಿಸಲಿ. 1925ರಲ್ಲಿ ಲೀಗ್ ಆಫ್ ನೇಷನ್ಸ್‌ನ ಆರೋಗ್ಯ ಸಂಘಟನೆಯ ಮೂಲಕ ಮೊದಲ ಅಂತರರಾಷ್ಟ್ರೀಯ ಮಾನದಂಡ ಒಪ್ಪಿಗೆಯಾಯಿತು. ಆ ಪುಡಿಯಲ್ಲಿ 1 ಮಿಲಿಗ್ರಾಂಗೆ 8 ಯೂನಿಟ್. ಬಾಟಲಿಯ ಮೇಲಿನ ಐ.ಯು. ಎಂಬ ಎರಡಕ್ಷರದ 'ಅಂತರರಾಷ್ಟ್ರೀಯ' ಅನ್ನುವುದು ಇಲ್ಲಿಂದ ಬಂದದ್ದು.

1926ರಲ್ಲಿ ಅಮೆರಿಕದ ಜಾನ್ ಜೇಕಬ್ ಏಬೆಲ್ ಇನ್ಸುಲಿನ್ನನ್ನು ಹರಳು ಮಾಡಿದರು. 1935ರಲ್ಲಿ ಹರಳಿನಿಂದಲೇ ಎರಡನೇ ಮಾನದಂಡ ಬಂತು. ಈಗ 1 ಮಿಲಿಗ್ರಾಂಗೆ 22 ಯೂನಿಟ್. ಇವತ್ತಿನ ಶುದ್ಧ ಹ್ಯೂಮನ್ ಇನ್ಸುಲಿನ್ನಿನಲ್ಲಿ ಒಂದು ಯೂನಿಟ್ ಅಂದರೆ 0.0347 ಮಿಲಿಗ್ರಾಂ, ಅಂದರೆ ಮಿಲಿಗ್ರಾಂಗೆ ಸುಮಾರು 29 ಯೂನಿಟ್. ವೈವಾದಲ್ಲಿ ಕೇಳಬಹುದಾದ ಪ್ರಶ್ನೆ: 1925ರಿಂದ ಇಲ್ಲಿಗೆ ಒಂದು ಯೂನಿಟ್ಟಿನ ತೂಕ ಮೂರೂವರೆ ಪಟ್ಟು ಕಡಿಮೆಯಾಯಿತು, ಹಾಗಾದರೆ ಯೂನಿಟ್ ಚಿಕ್ಕದಾಯಿತೇ? ಇಲ್ಲ. ಕಸ ಹೋಯಿತು, ಖಾರ ಅಷ್ಟೇ ಉಳಿಯಿತು. ಯೂನಿಟ್ ಅಂದರೆ ತೂಕವಲ್ಲ, ಎಂ.ಎಲ್. ಅಂತೂ ಅಲ್ಲವೇ ಅಲ್ಲ. ಇನ್ಸುಲಿನ್ ಎಷ್ಟು ಕೆಲಸ ಮಾಡುತ್ತದೆ ಎಂಬುದರ ಲೆಕ್ಕ ಅದು.

ಗಟ್ಟಿ ಡಿಕಾಕ್ಷನ್, ನೀರು ಡಿಕಾಕ್ಷನ್

ಇನ್ನು 40, 100ರ ವಿಷಯಕ್ಕೆ ಬರೋಣ. ಯೂನಿಟ್ ಏನು ಅಂತ ನಿಗದಿಯಾದ ಮೇಲೂ ಅದನ್ನು ಎಷ್ಟು ನೀರಿನಲ್ಲಿ ಕರಗಿಸಬೇಕು ಅನ್ನುವ ಪ್ರಶ್ನೆ ಉಳಿಯಿತು. ಗಟ್ಟಿ ಡಿಕಾಕ್ಷನ್ ಆದರೆ ಕಾಫಿಗೆ ಒಂದು ಚಮಚ ಸಾಕು, ನೀರಾಗಿದ್ದರೆ ಕಾಲು ಲೋಟ ಬೇಕು. ಮೊದಮೊದಲು ಎಂ.ಎಲ್.ಗೆ 10, 20 ಯೂನಿಟ್ಟಿನ ತೆಳು ಇನ್ಸುಲಿನ್ ಬರುತ್ತಿತ್ತು. ದಿನಕ್ಕೆ ಹೆಚ್ಚು ಬೇಕಾದವರು ಎಂ.ಎಲ್.ಗಟ್ಟಲೆ ಚುಚ್ಚಿಕೊಳ್ಳಬೇಕು. ಶುದ್ಧತೆ ಹೆಚ್ಚಿದ ಹಾಗೆ 40 ಬಂತು, 80 ಬಂತು. ಹಳೆಯದು ಹೋಗಲಿಲ್ಲ, ಹೊಸದು ಅದರ ಪಕ್ಕದಲ್ಲೇ ಬಂದು ಕೂತಿತು. ಅಲ್ಲಿಂದ ಶುರುವಾಯಿತು ಗೋಳು.

ಬ್ರಿಟನ್ನಿನ ಕಥೆ ಕೇಳಿ. ಅಲ್ಲಿ ಬಹುಕಾಲ ಬಳಕೆಯಲ್ಲಿದ್ದ ಇನ್ಸುಲಿನ್ ಸಿರಿಂಜಿನಲ್ಲಿ 1 ಎಂ.ಎಲ್.ಗೆ 20 ಗೆರೆ. 20ರ ಇನ್ಸುಲಿನ್ ಇದ್ದ ಕಾಲಕ್ಕೆ ಹೇಳಿ ಮಾಡಿಸಿದ್ದು, ಒಂದು ಗೆರೆ ಅಂದರೆ ಒಂದು ಯೂನಿಟ್. ಇನ್ಸುಲಿನ್ 40 ಆಯಿತು, 80 ಆಯಿತು, ಸಿರಿಂಜ್ ಮಾತ್ರ ಅದೇ. ಈಗ ಒಂದು ಗೆರೆ ಅಂದರೆ 40ರ ಬಾಟಲಿಯಲ್ಲಿ 2 ಯೂನಿಟ್, 80ರ ಬಾಟಲಿಯಲ್ಲಿ 4 ಯೂನಿಟ್. 24 ಯೂನಿಟ್ ಬೇಕಾದವರು 40ರಲ್ಲಿ 12 ಗೆರೆ ಎಳೆಯಬೇಕು, 80ರಲ್ಲಿ 6 ಗೆರೆ. ಆಸ್ಪತ್ರೆಗೆ ಬಂದ ರೋಗಿ 'ನಾನು 12 ತಗೋತೀನಿ' ಅಂದರೆ ಅದು 12 ಗೆರೆಯೋ 12 ಯೂನಿಟ್ಟೋ? ನರ್ಸ್ ಒಂದು ತಿಳಿದುಕೊಂಡರೆ, ಡಾಕ್ಟರು ಇನ್ನೊಂದು ಬರೆದರೆ, ಡೋಸ್ ಎರಡು ಪಟ್ಟು, ನಾಲ್ಕು ಪಟ್ಟು ಏರುಪೇರು. ಅಮೆರಿಕದಲ್ಲಿ ಒಂದು ಬದಿಗೆ 40ರ ಗೆರೆ, ಇನ್ನೊಂದು ಬದಿಗೆ 80ರ ಗೆರೆ ಇರುವ ಸಿರಿಂಜುಗಳೂ ಇದ್ದವು. ಕಣ್ಣು ಮಂಜಾದ ಡಯಾಬಿಟಿಸ್ ರೋಗಿ ಸಿರಿಂಜನ್ನು ಸ್ವಲ್ಪ ತಿರುಗಿಸಿ ಹಿಡಿದರೆ ಮುಗಿಯಿತು.

ಕೊನೆಗೆ ಎಲ್ಲರಿಗೂ ಒಂದೇ ಇರಲಿ ಅಂತ 100ರ ಇನ್ಸುಲಿನ್ ತಂದರು. 1 ಯೂನಿಟ್ ಅಂದರೆ 0.01 ಎಂ.ಎಲ್., ದಶಮಾಂಶದ ಲೆಕ್ಕ, ತಲೆಬಿಸಿ ಇಲ್ಲ. ಅಮೆರಿಕದಲ್ಲಿ 1970ರ ದಶಕದಲ್ಲಿ ಬದಲಾವಣೆ ಶುರುವಾಯಿತು. ಬ್ರಿಟನ್ನಿನಲ್ಲಿ 1983ರಲ್ಲಿ. ಬದಲಾಯಿಸಬೇಕಾದದ್ದು ಬಾಟಲಿ ಒಂದನ್ನೇ ಅಲ್ಲ. ಸಿರಿಂಜ್, ಚೀಟಿ, ರೋಗಿಯ ತಲೆಯೊಳಗಿನ ಲೆಕ್ಕ, ಎಲ್ಲವನ್ನೂ ಒಟ್ಟಿಗೇ ಬದಲಾಯಿಸಬೇಕು. ಒಂದು ಉಳಿದರೂ ಅಪಾಯ.

ನಮ್ಮಲ್ಲಿ ಆದದ್ದು

ನಮ್ಮ ದೇಶದಲ್ಲಿ ಹ್ಯೂಮನ್ ಇನ್ಸುಲಿನ್ ಬಾಟಲಿ 40ರಲ್ಲೇ ಉಳಿಯಿತು. 10 ಎಂ.ಎಲ್. ಬಾಟಲಿ, ಒಟ್ಟು 400 ಯೂನಿಟ್. 1985ರಲ್ಲಿ ಡೆನ್ಮಾರ್ಕಿನ ನೋವೊ ಕಂಪನಿ ಮೊದಲ ಇನ್ಸುಲಿನ್ ಪೆನ್ ತಂದಿತು. ಪೆನ್ನುಗಳು ನಮ್ಮಲ್ಲಿಗೆ ಬರುವಾಗ 100ರ ಕಾರ್ಟ್ರಿಡ್ಜ್ ಹಿಡಿದುಕೊಂಡೇ ಬಂದವು. 3 ಎಂ.ಎಲ್., ಒಟ್ಟು 300 ಯೂನಿಟ್. ಆಮೇಲೆ ಗ್ಲಾರ್ಜಿನ್‌ನಂಥ ಹೊಸ ಇನ್ಸುಲಿನ್ನುಗಳ ಬಾಟಲಿಗಳು 100ರಲ್ಲಿ ಬಂದವು. ಹಾಗಾಗಿ 'ಬಾಟಲಿ ಅಂದರೆ 40, ಪೆನ್ ಅಂದರೆ 100' ಅನ್ನುವ ಸುಲಭ ಸೂತ್ರವೂ ನಂಬಿಕೆಗೆ ಅರ್ಹವಲ್ಲ. ಬ್ರಿಟನ್ ಬಿಟ್ಟು ಬಂದ ಗೋಳು ನಮ್ಮ ಫ್ರಿಜ್ಜಿನಲ್ಲಿ ಇವತ್ತಿಗೂ ಇದೆ.

ಲೆಕ್ಕ ಮಾಡಿಯೇ ನೋಡೋಣ. ಚೀಟಿಯಲ್ಲಿ 20 ಯೂನಿಟ್ ಇದೆ.

40ರ ಬಾಟಲಿ, 100ರ ಸಿರಿಂಜ್. ರೋಗಿ 20ರ ಗೆರೆಯವರೆಗೆ ಎಳೆಯುತ್ತಾರೆ. ಅದು 0.2 ಎಂ.ಎಲ್. ಒಳಗೆ ಹೋದದ್ದು 8 ಯೂನಿಟ್. ಸಕ್ಕರೆ ಇಳಿಯುವುದಿಲ್ಲ. ಡಾಕ್ಟರು 'ಡೋಸ್ ಸಾಲದು' ಅಂತ ಏರಿಸುತ್ತಾರೆ. ಒಂದು ದಿನ ಯಾರೋ ಸರಿಯಾದ ಸಿರಿಂಜ್ ಕೊಡುತ್ತಾರೆ. ಆ ಏರಿಸಿದ ಡೋಸ್ ಪೂರ್ತಿಯಾಗಿ ಒಳಗೆ ಹೋಗುತ್ತದೆ...

100ರ ಬಾಟಲಿ ಅಥವಾ ಕಾರ್ಟ್ರಿಡ್ಜ್, 40ರ ಸಿರಿಂಜ್. 20ರ ಗೆರೆ ಅಂದರೆ 0.5 ಎಂ.ಎಲ್. ಒಳಗೆ ಹೋದದ್ದು 50 ಯೂನಿಟ್. ಬೆವರು, ನಡುಕ, ಮಂಕು, ಆಮೇಲೆ ಸೆಳೆತ. ಟೊರಾಂಟೊದ ಮೊಲಕ್ಕೆ ಆದದ್ದೇ.

ಎರಡರಲ್ಲೂ ವ್ಯತ್ಯಾಸ ಎರಡೂವರೆ ಪಟ್ಟು. ಎರಡರಲ್ಲೂ ರೋಗಿ ಮಾಡಿದ್ದು ಸರಿಯೇ, 20 ಅಂದರು, 20 ಎಳೆದರು. ಪೆನ್ನಿನ ಸೂಜಿ ಖಾಲಿಯಾಯಿತು ಅಂತ ಕಾರ್ಟ್ರಿಡ್ಜಿಗೇ ಸಿರಿಂಜ್ ಚುಚ್ಚಿ ಎಳೆಯುವವರಿದ್ದಾರೆ. ಎರಡನೇ ಲೆಕ್ಕ ಅವರಿಗಾಗಿ.

ಗುರುತು ಹಿಡಿಯುವುದು ಕಷ್ಟವಲ್ಲ. ನಮ್ಮಲ್ಲಿ 40ರ ಸಿರಿಂಜಿಗೆ ಸಾಮಾನ್ಯವಾಗಿ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ. ಆದರೆ ಕೆಂಪು, ಕಿತ್ತಳೆ ಟ್ಯೂಬ್‌ಲೈಟ್ ಬೆಳಕಿನಲ್ಲಿ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಮುಚ್ಚಳ ಬಿಸಾಡಿದ ಮೇಲೆ ಅದೂ ಇಲ್ಲ. ಸಿರಿಂಜಿನ ಮೈಮೇಲಿನ ಅಕ್ಷರ ಓದುವುದೇ ವಾಸಿ. ಇನ್ನೊಂದು ಸೂಕ್ಷ್ಮ: 40ರ ಸಿರಿಂಜಿನಲ್ಲಿ ಒಂದು ಸಣ್ಣ ಗೆರೆ 1 ಯೂನಿಟ್. 1 ಎಂ.ಎಲ್.ನ 100ರ ಸಿರಿಂಜಿನಲ್ಲಿ ಒಂದು ಸಣ್ಣ ಗೆರೆ ಸಾಮಾನ್ಯವಾಗಿ 2 ಯೂನಿಟ್. ಗೆರೆ ಎಣಿಸಿ ಎಳೆಯುವ ಅಭ್ಯಾಸ ಇರುವವರಿಗೆ ಇದು ಹೇಳಲೇಬೇಕಾದ ಮಾತು.

2025ರಲ್ಲಿ ಒಂದು ದೊಡ್ಡ ವಿದೇಶಿ ಕಂಪನಿ ತನ್ನ ಹ್ಯೂಮನ್ ಇನ್ಸುಲಿನ್ನನ್ನು ಭಾರತದಲ್ಲಿ ಪೆನ್ ರೂಪದಲ್ಲಿ ಕೊಡುವುದನ್ನು ನಿಲ್ಲಿಸಿ ಬಾಟಲಿಯನ್ನು ಮಾತ್ರ ಮುಂದುವರಿಸುತ್ತದೆ ಎಂಬ ವರದಿಗಳು ಬಂದವು. ಪತ್ರಿಕೆಗಳಲ್ಲಿ ಇದು ವ್ಯಾಪಾರದ ಸುದ್ದಿ. ಔಷಧ ಅಂಗಡಿಯವರಿಗೆ ಇದು 100ರಿಂದ 40ಕ್ಕೆ ಇಳಿಯುವ ಸುದ್ದಿ. ವರ್ಷಗಟ್ಟಲೆ ಪೆನ್ನಿನ ತುದಿ ತಿರುಗಿಸಿ 20 ಇಟ್ಟುಕೊಳ್ಳುತ್ತಿದ್ದವರು ಮೊದಲ ಸಲ ಬಾಟಲಿ, ಸಿರಿಂಜ್ ಹಿಡಿಯುತ್ತಾರೆ. ಅವರ ಯೂನಿಟ್ ಬದಲಾಗಿಲ್ಲ, ಆದರೆ ಸಿರಿಂಜ್ 40ರದ್ದೇ ಆಗಿರಬೇಕು. ಇದನ್ನು ಅವರಿಗೆ ಹೇಳುವವರು ಯಾರು?

ಒಂದು ಅಕ್ಷರದ ತಂಟೆ

ಮೊಲ, ಪುಡಿ, ಸಿರಿಂಜ್ ಆಯಿತು. ಕೊನೆಯ ಕೊಂಡಿ ಕೈಬರಹ. ಯೂನಿಟ್ ಅನ್ನಲು ಇಂಗ್ಲಿಷಿನ ಯು ಅಕ್ಷರ ಒಂದನ್ನೇ ಬರೆಯುವ ರೂಢಿ ಇತ್ತು. ಅವಸರದಲ್ಲಿ ಬರೆದ ಯು ಮೇಲೆ ಮುಚ್ಚಿಕೊಂಡರೆ ಸೊನ್ನೆ. 4 ಯೂನಿಟ್ 40 ಆಗುತ್ತದೆ, 10 ಯೂನಿಟ್ 100 ಆಗುತ್ತದೆ. ಇದು ಎರಡೂವರೆಯಲ್ಲ, ಹತ್ತು ಪಟ್ಟು. ಇಂಥ ಪ್ರಕರಣಗಳು ಮತ್ತೆ ಮತ್ತೆ ನಡೆದ ಮೇಲೆ ಅಮೆರಿಕದ ಆಸ್ಪತ್ರೆಗಳ ಮಾನ್ಯತಾ ಸಂಸ್ಥೆ ಜಾಯಿಂಟ್ ಕಮಿಷನ್ 2004ರಲ್ಲಿ ಬಳಸಬಾರದ ಸಂಕ್ಷೇಪಗಳ ಪಟ್ಟಿ ಮಾಡಿತು. ಅದರಲ್ಲಿ ಯು ಇದೆ, ಐ.ಯು. ಕೂಡ ಇದೆ. ಪೂರ್ತಿ 'ಯೂನಿಟ್' ಅಂತಲೇ ಬರೆಯಬೇಕು. ನಮ್ಮಲ್ಲಿ ಕೈಬರಹದ ಚೀಟಿ ಇನ್ನೂ ಹೋಗಿಲ್ಲ. ಚೀಟಿಯಲ್ಲಿ ಇನ್ಸುಲಿನ್ನಿನ ಅಂಕಿಯ ಕೊನೆಗೆ ಸೊನ್ನೆ ಕಂಡರೆ, ಅದು ಸೊನ್ನೆಯೇ ಹೌದಾ ಅಂತ ಡಾಕ್ಟರಿಗೆ ಒಂದು ಫೋನ್ ಮಾಡುವುದರಲ್ಲಿ ಅವಮಾನ ಏನೂ ಇಲ್ಲ.

ನಮ್ಮ ನೆಲದ ನಂಟು

ಈ ಕಥೆಯಲ್ಲಿ ಕರ್ನಾಟಕದ ಪಾಲೂ ಇದೆ. 1969ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಡೊರೊಥಿ ಹಾಡ್ಜ್‌ಕಿನ್ ತಂಡ ಇನ್ಸುಲಿನ್ ಅಣುವಿನ ಮೂರು ಆಯಾಮದ ರಚನೆ ಬಿಡಿಸಿತಲ್ಲ, ಆ ತಂಡದಲ್ಲಿ ಎಂ. ವಿಜಯನ್ ಇದ್ದರು. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ದಶಕಗಳ ಕಾಲ ಪ್ರೋಟೀನುಗಳ ರಚನೆಯ ಮೇಲೆ ಕೆಲಸ ಮಾಡಿದರು. 2004ರಲ್ಲಿ ಬೆಂಗಳೂರಿನ ಬಯೋಕಾನ್ ಕಂಪನಿ ಪಿಕಿಯಾ ಎಂಬ ಯೀಸ್ಟಿನಿಂದ ತಯಾರಿಸಿದ ಹ್ಯೂಮನ್ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ಮೈಸೂರಿನ ಜೆ.ಎಸ್.ಎಸ್. ಫಾರ್ಮಸಿ ಕಾಲೇಜು 1990ರ ದಶಕದ ಉತ್ತರಾರ್ಧದಲ್ಲೇ ಫಾರ್ಮಸಿ ಪ್ರಾಕ್ಟೀಸ್ ವಿಷಯದಲ್ಲಿ ಸ್ನಾತಕೋತ್ತರ ಕೋರ್ಸ್ ಶುರು ಮಾಡಿ, ಫಾರ್ಮಸಿಸ್ಟರನ್ನು ಆಸ್ಪತ್ರೆಯ ವಾರ್ಡಿಗೆ ಕರೆತಂದ ಮೊದಲಿಗರಲ್ಲಿ ಒಂದಾಯಿತು. 2008ರಲ್ಲಿ ದೇಶದಲ್ಲಿ ಫಾರ್ಮ್.ಡಿ. ಬಂತು. ಅಣುವಿನ ರಚನೆ ಬಿಡಿಸಿದವರು ನಮ್ಮಲ್ಲಿದ್ದರು, ಅದನ್ನು ತಯಾರಿಸುವವರು, ಅದನ್ನು ಹೇಗೆ ಕೊಡಬೇಕು ಅಂತ ಕಲಿಸುವವರು ನಮ್ಮಲ್ಲೇ ಇದ್ದಾರೆ.

ಇನ್ನು ಉಳಿದದ್ದು ಕೌಂಟರ್. ಅಲ್ಲಿ ನಡೆಯುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ:

'ಸಾರ್, ಶುಗರ್ ಸೂಜಿ ಐದು ಕೊಡಿ.'

ಐದು ತೆಗೆದು ಕವರಿಗೆ ಹಾಕಿ ದುಡ್ಡು ತಗೊಂಡರೆ ಅರ್ಧ ನಿಮಿಷದ ಕೆಲಸ. ಅದರ ಬದಲು ಹೀಗಾದರೆ:

'ಇನ್ಸುಲಿನ್ ಯಾವ್ದು ಯಜಮಾನ್ರೇ? ಬಾಟ್ಲಿ ತಂದಿದೀರಾ?'

'ಮನೇಲಿದೆ ಸಾರ್. ನಮ್ಮನೆಯವ್ರಿಗೆ.'

'ಮಗನಿಗೆ ಫೋನ್ ಮಾಡಿ, ಬಾಟ್ಲಿ ಮೇಲೆ 40 ಅಂತ ಇದ್ಯಾ 100 ಅಂತ ಇದ್ಯಾ ಓದಕ್ಕೆ ಹೇಳಿ. ಹೋದ್ಸಲ ತಗೊಂಡ ಸೂಜಿ ಮುಚ್ಚಳ ಯಾವ ಬಣ್ಣ?'

ಎರಡು ನಿಮಿಷ. ಹಿಂದೆ ನಿಂತವರು ಗೊಣಗಬಹುದು, ಗೊಣಗಲಿ. ಬಾಟಲಿಯ ಅಂಕಿ ಒಬ್ಬರು ಮಾಡಿದ್ದು, ಸಿರಿಂಜಿನ ಗೆರೆ ಇನ್ನೊಬ್ಬರು ಹಾಕಿದ್ದು, ಚೀಟಿಯ ಅಂಕಿ ಮತ್ತೊಬ್ಬರು ಬರೆದದ್ದು. ಈ ಮೂರೂ ಒಟ್ಟಿಗೆ ಕಣ್ಣಿಗೆ ಬೀಳುವ ಜಾಗ ಎಷ್ಟೋ ಸಲ ಮೆಡಿಕಲ್ ಶಾಪಿನ ಆ ಗಾಜಿನ ಟೇಬಲ್ ಒಂದೇ. ಮನೆಗೆ ಹೋದ ಮೇಲೆ ನೋಡುವವರು ಯಾರೂ ಇರುವುದಿಲ್ಲ.

ಇನ್ಸುಲಿನ್ನಿನಲ್ಲಿ ಹಾಲಿನ ಹಾಗೆ ಬೆಳ್ಳಗಿರುವುದು ಒಂದು, ನೀರಿನ ಹಾಗೆ ತಿಳಿಯಾಗಿರುವುದು ಒಂದು ಇದೆಯಲ್ಲ. ಆ ಬಿಳಿಯ ಹಿಂದೆ ಡೆನ್ಮಾರ್ಕಿನ ಹ್ಯಾಗೆಡಾರ್ನ್ ಎಂಬ ಡಾಕ್ಟರ್ ಇದ್ದಾರೆ, ಮೀನಿನ ವೀರ್ಯದಿಂದ ತೆಗೆದ ಒಂದು ಪ್ರೋಟೀನ್ ಇದೆ. ಬಾಟಲಿಯನ್ನು ಅಂಗೈಗಳ ನಡುವೆ ಉರುಳಿಸಬೇಕು, ಕುಲುಕಬಾರದು ಅನ್ನುವುದರ ಕಾರಣವೂ ಅಲ್ಲೇ ಇದೆ. ಅದು ಇನ್ನೊಂದು ದಿನಕ್ಕೆ.